ನಮ್ಮ ಮಿಡ್ಲ್ ಸ್ಕೂಲಿನ ‘ಎ’ ಗ್ರೇಡುಗಳ ಬಗ್ಗೆ: ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳು
(ತಾಲ್ಲೂಕಿನ ಹೆಸರು ಬೇಕೆಂದೇ ಬರೆದಿಲ್ಲ. ಓದುತ್ತಾ ಹೋದರೆ ಯಾವ ಊರು ಅಂತ ನಿಮಗೇ ಗೊತ್ತಾಗುತ್ತದೆ.)

ವಿಷಯ: ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ 6, 7 ಮತ್ತು 8ನೇ ತರಗತಿ ಮಕ್ಕಳ ಕಲಿಕೆ ಹಾಗೂ ಅವರಿಗೆ ಕೊಡುತ್ತಿರುವ ಗ್ರೇಡುಗಳ ಕುರಿತು.

ಮಾನ್ಯರೇ,

ನಾನು ಏಳನೇ ತರಗತಿ ಓದುತ್ತಿರುವ ಹುಡುಗಿಯ ತಾಯಿ. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಪಿಯುಸಿವರೆಗೆ ಓದಿದ್ದೇನೆ. ಎರಡು ವರ್ಷದಿಂದ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಹೆಸರು ಹಾಕದೆ ಬರೆಯುತ್ತಿದ್ದೇನೆ, ಯಾಕೆಂದರೆ ಮಗಳು ಇನ್ನೂ ಒಂದು ವರ್ಷ ಅದೇ ಶಾಲೆಯಲ್ಲಿ ಓದಬೇಕು. ತಪ್ಪು ತಿಳಿಯಬೇಡಿ.

ಕಾಗದಪತ್ರದಲ್ಲಿ ಅದು ಹಿರಿಯ ಪ್ರಾಥಮಿಕ ಶಾಲೆ. ಊರಿನ ಹಿರಿಯರಿಗೆ ಈಗಲೂ ‘ಮಿಡ್ಲ್ ಸ್ಕೂಲ್’. ಒಂದರಿಂದ ಏಳರವರೆಗೆ ಇತ್ತು, ಆಮೇಲೆ ಎಂಟನೇ ತರಗತಿ ಸೇರಿಸಿದರು. ಕೋಣೆ ಮಾತ್ರ ಸೇರಿಸಲಿಲ್ಲ, ಆ ಮಾತು ಬಿಡಿ. ಈ ಪತ್ರ ಕೋಣೆಗಾಗಿ ಅಲ್ಲ. ಕಾಂಪೌಂಡಿಗಾಗಿಯೂ ಅಲ್ಲ, ಸ್ಮಾರ್ಟ್ ಕ್ಲಾಸಿಗಾಗಿಯೂ ಅಲ್ಲ.

ಹೋದ ದಸರೆ ಹೊತ್ತಿಗೆ ನಮ್ಮ ಓಣಿಯ ಮಹಿಳಾ ಸಂಘದ ಆರು ಜನ ಒಂದೇ ಬಣ್ಣದ ರವಿಕೆ ಹೊಲಿಸಿಕೊಂಡರು. ಲೈನಿಂಗ್ ಬಟ್ಟೆ ಒಟ್ಟಿಗೆ ತಂದಿದ್ದೆ, 510 ರೂಪಾಯಿ ಆಗಿತ್ತು. ಕತ್ತರಿ ಕೈಯಲ್ಲಿತ್ತು, ಹಾಗಾಗಿ ಮಗಳಿಗೆ ಹೇಳಿದೆ: ‘ಒಬ್ಬೊಬ್ಬರಿಗೆ ಎಷ್ಟು ಬರ್ತದ ನೋಡವ್ವ.’ ಅವಳು ಪೆನ್ನು ತಗೊಂಡು ಕೂತಳು. ಮೊದಲು 80 ಅಂದಳು. ಆಮೇಲೆ 90. ಆಮೇಲೆ ಕಾಗದದ ಮೇಲೆ ಸಣ್ಣ ಸಣ್ಣ ಗೀಟು ಎಳೆಯತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ನಾನು ನೋಡುತ್ತಿಲ್ಲ ಅಂದುಕೊಂಡು ನನ್ನ ಫೋನಿಗೆ ಕೈ ಹಾಕಿದಳು.

ಅವಳ ಪ್ರಗತಿ ಪತ್ರದಲ್ಲಿ ಗಣಿತಕ್ಕೆ ‘ಎ’ ಇದೆ ಸರ್. ಆರನೇ ತರಗತಿಯಲ್ಲೂ ‘ಎ’. ಪ್ರತಿ ಸಲ ನಾನೇ ಸಹಿ ಹಾಕಿದ್ದೇನೆ. ಹಾಕುವಾಗ ಖುಷಿಯಾಗಿತ್ತು ಕೂಡ.

ಅವಳನ್ನು ಬೈಯಲಿಲ್ಲ. ಬೈದು ಏನು ಮಾಡುವುದು? ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇವಳೊಬ್ಬಳೇ ಹೀಗಾ, ಎಲ್ಲರೂ ಹೀಗಾ ಅಂತ ತಲೆಯಲ್ಲಿ ಹುಳ ಹೊಕ್ಕಿತು. ಮರುವಾರ ಓಣಿಯ ಮಕ್ಕಳನ್ನು ಸಂಜೆ ನಮ್ಮ ಪಡಸಾಲೆಗೆ ಕರೆದೆ. ಮಂಡಕ್ಕಿ ಆಸೆಗೆ ಹನ್ನೊಂದು ಮಕ್ಕಳು ಬಂದರು. ಎಲ್ಲರೂ ಆರು, ಏಳು, ಎಂಟನೇ ತರಗತಿಯವರು. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂಡಿಸಿಕೊಂಡು ಎರಡೇ ಕೆಲಸ ಕೊಟ್ಟೆ. ಎರಡನೇ ತರಗತಿಯ ಕನ್ನಡ ಪುಸ್ತಕದ ಒಂದು ಪುಟ ಓದುವುದು. 658ನ್ನು 7ರಿಂದ ಭಾಗಿಸುವುದು.

ಇದು ನಾನು ಕಂಡುಹಿಡಿದದ್ದಲ್ಲ. ‘ಅಸರ್’ ಸಮೀಕ್ಷೆಯವರು 2005ರಿಂದ ದೇಶದ ಹಳ್ಳಿಗಳಲ್ಲಿ ಮಾಡುವುದು ಇದನ್ನೇ. ಅವರು ಶಾಲೆಗೆ ಹೋಗುವುದಿಲ್ಲ, ಮನೆಗೆ ಬಂದು ಮಗುವಿನ ಮುಂದೆ ಕೂರುತ್ತಾರೆ. ಎರಡನೇ ತರಗತಿ ಮಟ್ಟದ ಪಾಠ ಓದಿಸುತ್ತಾರೆ, ಮೂರು ಅಂಕಿಯ ಸಂಖ್ಯೆಯನ್ನು ಒಂದು ಅಂಕಿಯಿಂದ ಭಾಗಿಸಲು ಹೇಳುತ್ತಾರೆ. ಅಷ್ಟೇ.

ನಮ್ಮ ಪಡಸಾಲೆಯಲ್ಲಿ ಹನ್ನೊಂದರಲ್ಲಿ ಏಳು ಮಕ್ಕಳು ಸರಾಗವಾಗಿ ಓದಿದರು. ಇಬ್ಬರು ತಡವರಿಸಿ ಓದಿದರು. ಇಬ್ಬರಿಗೆ ಆಗಲಿಲ್ಲ. ಲೆಕ್ಕ ಬಿಡಿಸಿದವರು ಮೂರೇ ಮೂರು. ಅದರಲ್ಲಿ ಒಬ್ಬ ಹುಡುಗ ಅಪ್ಪನ ಜೊತೆ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುತ್ತಾನೆ. ಪೆನ್ನನ್ನೇ ಮುಟ್ಟದೆ ಬಾಯಲ್ಲೇ ಉತ್ತರ ಹೇಳಿದ. ಶಾಲೆಯಲ್ಲಿ ಅವನಿಗೆ ‘ಬಿ’.

ಓದಲು ಬಾರದ ಇಬ್ಬರಲ್ಲಿ ಒಬ್ಬ ಎಂಟನೇ ತರಗತಿ. ಅವನ ಅಕ್ಷರ ನೋಡಬೇಕು ಸರ್, ಮುತ್ತು ಪೋಣಿಸಿದ ಹಾಗೆ. ನೋಟ್ಸ್ ಎಲ್ಲ ಪೂರ್ತಿ. ಪ್ರತಿ ಪುಟಕ್ಕೂ ಕೆಂಪು ಇಂಕಿನ ಸಹಿ. ಆದರೆ ತಾನು ಬರೆದದ್ದನ್ನೇ ಓದು ಅಂದರೆ ಒತ್ತಕ್ಷರ ಬಂದ ಕೂಡಲೇ ನಿಂತುಬಿಡುತ್ತಾನೆ. ಬೋರ್ಡಿನ ಮೇಲಿದ್ದದ್ದನ್ನು ಚಿತ್ರ ಬರೆದಂತೆ ಇಳಿಸಿಕೊಂಡು ಬರುತ್ತಾನೆ, ಅಷ್ಟೇ. ‘ಓದಾಕ ಬರಂಗಿಲ್ಲಂತ ಅಕ್ಕೋರಿಗೆ ಹೇಳಿಯೇನಪ್ಪಾ?’ ಅಂತ ಕೇಳಿದೆ. ‘ಯಾರೂ ಕೇಳಿಲ್ರೀ’ ಅಂದ.

ಹನ್ನೊಂದು ಮಕ್ಕಳಿಂದ ಒಂದು ಶಾಲೆಯನ್ನು ಅಳೆಯಲು ಬರುವುದಿಲ್ಲ, ಅದು ನನಗೂ ಗೊತ್ತು. ಬೇರೆ ಓಣಿಯಲ್ಲಿ ಇದಕ್ಕಿಂತ ಚೆನ್ನಾಗಿರಬಹುದು, ಇದಕ್ಕಿಂತ ಕೆಟ್ಟದಾಗಿಯೂ ಇರಬಹುದು. ಹಾಗಂತ ಇದು ನಮ್ಮೂರಿನ ರೋಗ ಮಾತ್ರ ಅಲ್ಲ. 2024ರ ಅಸರ್ ವರದಿಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಎಂಟನೇ ತರಗತಿಯ ಮಕ್ಕಳಲ್ಲಿ ಆ ಭಾಗಾಕಾರ ಮಾಡಿದವರು ಶೇ 45.8. ಎರಡನೇ ತರಗತಿಯ ಪಾಠ ಓದಿದವರು ಶೇ 71.1. ಅಂದರೆ ಎಂಟು ವರ್ಷ ಶಾಲೆಗೆ ಬಂದ ನೂರು ಮಕ್ಕಳಲ್ಲಿ ಸುಮಾರು ಮೂವತ್ತು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಕಷ್ಟ. ಇದೆಲ್ಲ ಎಲ್ಲರಿಗೂ ಗೊತ್ತಿರುವ ವಿಷಯ. ನನ್ನ ತಕರಾರು ಬೇರೆ. ಇಷ್ಟೆಲ್ಲ ಗೊತ್ತಿದ್ದೂ ಮಗುವಿನ ಕೈಗೆ ‘ಎ’ ಕೊಟ್ಟು ಮನೆಗೆ ಕಳಿಸುವುದು ಯಾಕೆ?

ಇದನ್ನು ನವೆಂಬರಿನ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿದೆ. ಹೆಡ್‌ಮಾಸ್ತರರು ಒಳ್ಳೆಯ ಮನುಷ್ಯ. ಸುಳ್ಳು ಹೇಳಲಿಲ್ಲ. ‘ನೋಡಮ್ಮ, ಕಡಿಮೆ ಗ್ರೇಡ್ ಕೊಟ್ಟರೆ ಮೇಲಿನಿಂದ ಪ್ರಶ್ನೆ ಬರುತ್ತದೆ. ಯಾಕೆ ಹೀಗಾಯಿತು, ಪರಿಹಾರ ಬೋಧನೆ ಮಾಡಿದ ದಾಖಲೆ ಎಲ್ಲಿ, ಕ್ರಿಯಾ ಯೋಜನೆ ಎಲ್ಲಿ ಅಂತ ಕೇಳುತ್ತಾರೆ. ಎ ಕೊಟ್ಟರೆ ಯಾರೂ ಏನೂ ಕೇಳುವುದಿಲ್ಲ’ ಅಂದರು. ಪಕ್ಕದಲ್ಲಿದ್ದ ಇನ್ನೊಬ್ಬ ಸದಸ್ಯರು, ‘ಸುಮ್ನಿರಕ್ಕ, ಕಾಂಪೌಂಡಿನ ಮಾತು ಮೊದಲು ಮುಗಿಸೋಣ’ ಅಂದರು. ಕಾಂಪೌಂಡಿನ ಮಾತು ಮುಗಿಯುವಷ್ಟರಲ್ಲಿ ಚಹಾ ಬಂತು. ಸಭೆಯ ನಡಾವಳಿ ಪುಸ್ತಕದಲ್ಲಿ ನನ್ನ ಪ್ರಶ್ನೆ ಇಲ್ಲ.

ಸರ್, ಆ ‘ಮೇಲಿನಿಂದ’ ಅಂದರೆ ನಿಮ್ಮ ಕಚೇರಿ. ಅದಕ್ಕೇ ಈ ಪತ್ರ ನಿಮಗೆ.

ನಿಜ ಬರೆದ ಶಾಲೆಗೆ ನೋಟಿಸು, ‘ಎ’ ಬರೆದ ಶಾಲೆಗೆ ಶಹಬ್ಬಾಸ್. ಹೀಗಿದ್ದಾಗ ಯಾವ ಮಾಸ್ತರರು ನಿಜ ಬರೆಯುತ್ತಾರೆ? ಅವರ ಜಾಗದಲ್ಲಿ ನಾನಿದ್ದರೂ ‘ಎ’ ಬರೆಯುತ್ತಿದ್ದೆನೇನೋ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ಎಷ್ಟಿದೆ ಅಂತ ನೋಡಬೇಕು, ಬೇಕಾದರೆ ಹೆಚ್ಚುವರಿಯಾಗಿ ಕಲಿಸಬೇಕು, ಪಾಲಕರ ಸಭೆ ಕರೆದು ಮಗುವಿನ ಹಾಜರಿ, ಕಲಿಕೆ, ಪ್ರಗತಿ ತಿಳಿಸಬೇಕು. ಇದು ಎಸ್‌ಡಿಎಂಸಿ ತರಬೇತಿಯಲ್ಲಿ ನನಗೆ ನಿಮ್ಮ ಇಲಾಖೆಯೇ ಹೇಳಿಕೊಟ್ಟದ್ದು. ‘ಸಮುದಾಯದತ್ತ ಶಾಲೆ’ ಅಂತ ಕರೆದು ನಮ್ಮನ್ನು ಬೆಂಚಿನ ಮೇಲೆ ಕೂಡಿಸುತ್ತೀರಿ, ಉತ್ತರ ಪತ್ರಿಕೆ ತೋರಿಸುತ್ತೀರಿ. ಆದರೆ ಆ ಉತ್ತರ ಪತ್ರಿಕೆಯ ಉತ್ತರಗಳು ಬೋರ್ಡಿನ ಮೇಲಿಂದ ಇಳಿದದ್ದು ಅಂತ ಮಕ್ಕಳೇ ಮನೆಯಲ್ಲಿ ಹೇಳುತ್ತಾರೆ. ಓದು ಬಾರದ ತಾಯಂದಿರು ಅದಕ್ಕೆ ಹೆಬ್ಬೆಟ್ಟು ಒತ್ತಿ, ಮಗ ಶಾಣ್ಯಾ ಆದ ಅಂತ ಖುಷಿಯಿಂದ ಹೋಗುತ್ತಾರೆ. ನನಗೆ ತಡೆಯಲಾಗದ್ದು ಅದೇ.

ಈ ಮಕ್ಕಳ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡಿ. ಈಗ ಏಳನೇ ತರಗತಿಯಲ್ಲಿರುವವರು 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ಒಂದನೇ ತರಗತಿಯಲ್ಲಿದ್ದರು. ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂಡಿಸುವ ನಲಿಕಲಿ ಕೋಣೆಯಲ್ಲಿ ನೆಲದ ಮೇಲೆ ಕೂತು ಕಾರ್ಡು ಹಿಡಿದು ಅಕ್ಷರ ಕಲಿಯುತ್ತಿದ್ದ ಮಕ್ಕಳು. ನಡುವೆ ವಿದ್ಯಾಗಮ ಅಂತ ಗುಡಿ ಕಟ್ಟೆಯ ಮೇಲೆ ಕೆಲವು ದಿನ ಪಾಠ ನಡೆಯಿತು, ಅದೂ ನಿಂತಿತು. ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಒಂದನೇ ತರಗತಿಯಿಂದ ಮನೆಗೆ ಹೋದ ಮಗು ಶಾಲೆಗೆ ವಾಪಸ್ ಬಂದಾಗ ಮೂರನೇ ತರಗತಿ! ಒತ್ತಕ್ಷರ, ಮಗ್ಗಿ, ದಶಕ ತಗೊಂಡು ಕಳೆಯುವುದು, ಎಲ್ಲ ಕಲಿಯುವ ವಯಸ್ಸು ಓಣಿಯಲ್ಲಿ ಗೋಲಿ ಆಡುತ್ತಾ ಹೋಯಿತು. 2022-23ರಲ್ಲಿ ಸರ್ಕಾರ, ತಪ್ಪಿಹೋದ ಕಲಿಕೆ ತುಂಬಲು ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ತಂದಿತು. ಒಳ್ಳೆಯ ಕೆಲಸ. ಆ ವರ್ಷ ನಮ್ಮ ಮಗಳು ನಿಜಕ್ಕೂ ಕಲಿತಳು. ಆದರೆ ಎರಡು ವರ್ಷದ ಹಳ್ಳವನ್ನು ಒಂದು ವರ್ಷದಲ್ಲಿ ಮುಚ್ಚಲಾಗುತ್ತದಾ? ಮುಚ್ಚಿದೆವು ಅಂತ ಬರೆದುಕೊಂಡು ಮುಂದಿನ ಪಾಠಕ್ಕೆ ಹೋದರು. ಈಗ ಬೀಜಗಣಿತ ನಡೆಯುತ್ತಿದೆ. 510ನ್ನು 6ರಿಂದ ಭಾಗಿಸಲು ಬಾರದವಳ ಪುಸ್ತಕದಲ್ಲಿ ಎಕ್ಸ್, ವೈ ಇವೆ.

ಇನ್ನು ಶಿಕ್ಷಕರ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ದಾಖಲೆಯಲ್ಲಿ ಇದು ಕಾಣುವುದಿಲ್ಲ.

ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗೆ ಕೊನೇಪಕ್ಷ ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು, ಭಾಷೆಗೊಬ್ಬರು ಇರಬೇಕು. 35 ಮಕ್ಕಳಿಗೆ ಒಬ್ಬ ಶಿಕ್ಷಕರು. ಇಂಥ ಪದವೀಧರ ಶಿಕ್ಷಕರಿಗಾಗಿ 15,000 ಹುದ್ದೆಗಳಿಗೆ 2022ರ ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ಕೋರ್ಟು ಕಚೇರಿ ಅಂತ ಅಲೆದು ನೇಮಕ ಆಗುವಷ್ಟರಲ್ಲಿ 2023 ಮುಗಿಯುತ್ತಾ ಬಂದಿತ್ತು. ನಮ್ಮ ಅದೃಷ್ಟಕ್ಕೆ ನಮ್ಮ ಶಾಲೆಗೂ ಗಣಿತಕ್ಕೆ ಒಬ್ಬರು ಬಂದರು. ಹುಡುಗ ಮಾಸ್ತರ. ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಹಗ್ಗ ಹಿಡಿದು ಎಕರೆ, ಗುಂಟೆ ಅಳೆಸಿದರು. ನನ್ನ ಮನೆಗೂ ಬಂದು ಟೇಪು ಇಸಿದುಕೊಂಡು ಹೋಗಿದ್ದರು. ಒಂದು ವರ್ಷ ಕಲಿಸಿದರು. ಆಮೇಲೆ ಅವರನ್ನು ನಿಯೋಜನೆ ಮೇಲೆ ತಾಲ್ಲೂಕು ಕೇಂದ್ರಕ್ಕೆ ತಗೊಂಡಿರಿ.

ಈಗ ಸ್ಥಿತಿ ಏನು ಅಂದರೆ, ಅವರ ಸಂಬಳ ನಮ್ಮ ಶಾಲೆಯ ಹೆಸರಲ್ಲಿ, ಕೆಲಸ ಬೇರೆ ಕಡೆ. ದಾಖಲೆಯಲ್ಲಿ ಹುದ್ದೆ ಭರ್ತಿ. ಭರ್ತಿ ಇರುವುದರಿಂದ ಅತಿಥಿ ಶಿಕ್ಷಕರನ್ನೂ ಕೊಡಲು ಬರುವುದಿಲ್ಲವಂತೆ. ಖಾಲಿ ಇದ್ದಿದ್ದರೆ ಯಾರಾದರೂ ಒಬ್ಬರು ಬರುತ್ತಿದ್ದರು. ಭರ್ತಿಯಾಗಿದೆ, ಅದಕ್ಕೇ ಯಾರೂ ಇಲ್ಲ! ಒಂದರಿಂದ ಐದನೇ ತರಗತಿಗೆ ಕಲಿಸುವ ಅಕ್ಕೋರು ಈಗ ಏಳನೇ ತರಗತಿಯ ಗಣಿತವನ್ನೂ ನೋಡಿಕೊಳ್ಳುತ್ತಾರೆ. ಅವರು ಪಾಠ ಮಾಡುವಾಗ ನಲಿಕಲಿ ಕೋಣೆಯ ಸಣ್ಣ ಮಕ್ಕಳು ಬಾಗಿಲಲ್ಲಿ ಇಣುಕುತ್ತಾ ನಿಂತಿರುತ್ತಾರೆ. ಆ ಅಕ್ಕೋರ ಮೇಲೆ ನನಗೆ ಸಿಟ್ಟಿಲ್ಲ.

ಇರುವ ಶಿಕ್ಷಕರಿಗಾದರೂ ಪಾಠ ಮಾಡಲು ಬಿಡುತ್ತೀರಾ? ಬೆಳಿಗ್ಗೆ ಹಾಲಿನ ಲೆಕ್ಕ, ಮಧ್ಯಾಹ್ನ ಊಟದ ಲೆಕ್ಕ, ಮೊಟ್ಟೆ ತರುವುದು, ಸ್ಯಾಟ್ಸ್‌ನಲ್ಲಿ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ) ಮಕ್ಕಳ ಮಾಹಿತಿ ತುಂಬುವುದು, ಮತದಾರರ ಪಟ್ಟಿ, ವಾಟ್ಸಾಪಿನಲ್ಲಿ ‘ತುರ್ತು’ ಅಂತ ಬರುವ ನಮೂನೆಗಳು. ಹಾಗಂತ ಊಟ, ಮೊಟ್ಟೆ ಬೇಡ ಅನ್ನುವವಳಲ್ಲ ನಾನು. ನಮ್ಮ ಕಡೆ ಮಕ್ಕಳು ಶಾಲೆಗೆ ಬರುವುದರಲ್ಲಿ ಅರ್ಧ ಪುಣ್ಯ ಅಕ್ಷರ ದಾಸೋಹದ ಬಿಸಿಯೂಟದ್ದು. 2021ರ ಡಿಸೆಂಬರಿನಲ್ಲಿ ಮೊದಲು ಮೊಟ್ಟೆ ಬಂದದ್ದೂ ನಮ್ಮಂಥ ಹಿಂದುಳಿದ ಜಿಲ್ಲೆಗಳಿಗೇ. ಆದರೆ ಆ ಲೆಕ್ಕ ಬರೆಯಲು ಒಬ್ಬ ಗುಮಾಸ್ತರನ್ನು ಕೊಡಲು ಆಗುವುದಿಲ್ಲವಾ? 2025ರ ಅಕ್ಟೋಬರಿನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಕಳಿಸಿ, ಸರ್ಕಾರಿ ಶಾಲೆಗಳ ದಸರಾ ರಜೆಯನ್ನು 18ನೇ ತಾರೀಖಿನವರೆಗೆ ಮುಂದುವರಿಸಿದರು. ಆ ದಿನಗಳಲ್ಲಿ ಬೆಳಿಗ್ಗೆ ನಮ್ಮ ಓಣಿಯಿಂದ ಖಾಸಗಿ ಶಾಲೆಯ ವ್ಯಾನು ಹೊರಡುತ್ತಿತ್ತು, ನಮ್ಮ ಮಕ್ಕಳು ಕಟ್ಟೆಯ ಮೇಲೆ ಕೂತು ಕೈ ಬೀಸುತ್ತಿದ್ದರು. ಕಾಯ್ದೆಯ 27ನೇ ಕಲಮು ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಕಳಿಸಬಾರದು ಅನ್ನುತ್ತದೆ. ಈಗ ಆ ಜನಗಣತಿಯೂ ಬರುತ್ತಿದೆ. ಅದನ್ನು ತಪ್ಪಿಸಲು ಆಗದು, ಒಪ್ಪಿದೆ. ಆಗ ತರಗತಿಯಲ್ಲಿ ಯಾರು ಇರುತ್ತಾರೆ ಅನ್ನುವುದನ್ನು ಈಗಲೇ ಯೋಚಿಸಿ.

ಪಾಲಕರ ತಪ್ಪನ್ನೂ ಹೇಳದಿದ್ದರೆ ನಾನು ಅರ್ಧ ಸತ್ಯ ಬರೆದ ಹಾಗಾಗುತ್ತದೆ. ಹತ್ತಿ ಬಿಡಿಸುವ ಕಾಲ ಬಂದರೆ ಬೆಳಿಗ್ಗೆ ಏಳಕ್ಕೇ ಟಂಟಂಗಳು ಅಗಸಿ ಮುಂದೆ ನಿಲ್ಲುತ್ತವೆ. ದೊಡ್ಡವರ ನಡುವೆ ಆರನೇ ತರಗತಿಯ ಹುಡುಗಿಯರೂ ಹತ್ತುತ್ತಾರೆ. ಕೆಜಿ ಲೆಕ್ಕದಲ್ಲಿ ಕೂಲಿ, ಸಣ್ಣ ಕೈ ಬೇಗ ಓಡುತ್ತದೆ. ಆಮೇಲೆ ಮೆಣಸಿನಕಾಯಿ. ಗುಳೆ ಹೋದವರ ಮಕ್ಕಳಂತೂ ಯುಗಾದಿಗೋ ಜಾತ್ರೆಗೋ ಮುಖ ತೋರಿಸುತ್ತಾರೆ. ಇದನ್ನು ಬೈದು ಸರಿ ಮಾಡಲು ಬರುವುದಿಲ್ಲ. ನನ್ನ ತಮ್ಮನೇ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋದಾಗ ಇಬ್ಬರು ಮಕ್ಕಳನ್ನು ಕಟ್ಟಿಕೊಂಡೇ ಹೋದ. ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆ ದಿನಗಳ ಹಾಜರಿ ಪುಸ್ತಕ ಮತ್ತು ಆ ದಿನ ಊಟಕ್ಕೆ ಕೂತ ಮಕ್ಕಳ ಸಾಲು, ಎರಡನ್ನೂ ನೀವು ಒಮ್ಮೆಯಾದರೂ ಹೋಲಿಸಿ ನೋಡಿದ್ದೀರಾ?

ಹೋದ ವರ್ಷ ನೀವು ನಮ್ಮ ಶಾಲೆಗೆ ಬಂದಿದ್ದಿರಿ. ಮೂರು ದಿನ ಮೊದಲೇ ಗೊತ್ತಾಗಿತ್ತು. ಮಕ್ಕಳು ಅಂಗಳ ಗುಡಿಸಿ, ಬಾಗಿಲಿಗೆ ತೋರಣ ಕಟ್ಟಿದರು. ಗೋಡೆಗೆ ರೈಲಿನ ಬೋಗಿಯಂತೆ ಬಣ್ಣ ಬಳಿದಿದ್ದನ್ನು ನೋಡಿ ಮೆಚ್ಚಿದಿರಿ, ಅದರ ಮುಂದೆ ಫೋಟೋ ತೆಗೆಸಿಕೊಂಡಿರಿ. ಬಣ್ಣ ಚೆನ್ನಾಗಿದೆ, ಸುಳ್ಳಲ್ಲ. ಊಟ ಚೆನ್ನಾಗಿದೆಯಾ ಅಂತ ಮಕ್ಕಳನ್ನು ಕೇಳಿದಿರಿ. ‘ಹೌದು ಸರ್’ ಅಂತ ಎಲ್ಲರೂ ಒಟ್ಟಿಗೆ ಕೂಗಿದರು. ನಾನು ಹಿಂದೆ ನಿಂತು ಕಾಯುತ್ತಿದ್ದೆ, ನೀವು ಯಾರಾದರೂ ಒಬ್ಬರ ಕೈಗೆ ಪುಸ್ತಕ ಕೊಟ್ಟು ಓದು ಅನ್ನುತ್ತೀರಿ ಅಂತ. ಶಾಲು ಹೊದಿಸುವ ಹೊತ್ತಾಯಿತು.

ಇದೆಲ್ಲದರ ಬಿಲ್ಲು ಹತ್ತನೇ ತರಗತಿಯಲ್ಲಿ ಬರುತ್ತದೆ. 2023ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕ ಹೆಚ್ಚಿಸಿದರೂ ಶೇ 73.40ಕ್ಕೆ ಬಿತ್ತು. ಆ ವರ್ಷ ಉಡುಪಿ ಶೇ 94, ಯಾದಗಿರಿ ಶೇ 50.59. ಮರುವರ್ಷ ಕೊನೆಯ ಸ್ಥಾನ ಕಲಬುರಗಿಗೆ, ಶೇ 42.43. ಕಲ್ಯಾಣ ಕರ್ನಾಟಕ ಅಂತ ಹೆಸರು ಬದಲಾಗಿ, ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371 ಜೆ ಬಂದು, ಇಷ್ಟು ವರ್ಷ ಆದಮೇಲೂ ಪಟ್ಟಿಯ ತಳದಲ್ಲಿ ನಮ್ಮ ಕಡೆಯ ಹೆಸರುಗಳೇ. ಫಲಿತಾಂಶ ಬಂದ ದಿನ ಎಲ್ಲರೂ ಹೈಸ್ಕೂಲಿನವರನ್ನು ಬೈಯುತ್ತಾರೆ. ನಮ್ಮ ಪಕ್ಕದೂರಿನ ಹೈಸ್ಕೂಲಿನ ಮಾಸ್ತರರೊಬ್ಬರು ನನ್ನ ಹತ್ತಿರ ಪ್ಯಾಂಟು ಸರಿ ಮಾಡಿಸಲು ಬರುತ್ತಾರೆ. ಅವರು ಹೇಳುತ್ತಾರೆ: ‘ಒಂಬತ್ತಕ್ಕೆ ಬಂದವರಿಗೆ ಮೊದಲು ಓದಲು ಕಲಿಸಬೇಕೋ, ಪಾಠ ಮಾಡಬೇಕೋ? ಕೊನೆಗೆ ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರ ಇರುವ ಪಾಸಿಂಗ್ ಪ್ಯಾಕೇಜ್ ಬಾಯಿಪಾಠ ಮಾಡಿಸುತ್ತೇವೆ.’ ಈ ವರ್ಷದಿಂದ ಪಾಸಾಗಲು ಶೇ 33 ಸಾಕು ಅಂದಿದ್ದಾರೆ. ಇರಲಿ. ಏಳನೇ ತರಗತಿಯಲ್ಲಿ ಬಾರದ ಭಾಗಾಕಾರ ಹತ್ತನೇ ತರಗತಿಯಲ್ಲಿ ತಾನಾಗಿ ಬರುವುದಿಲ್ಲ.

ಎಂಟನೇ ತರಗತಿಗೆ ಬೋರ್ಡ್ ಪರೀಕ್ಷೆ ಬೇಕೋ ಬೇಡವೋ ಅಂತ 2023ರಲ್ಲಿ, 2024ರಲ್ಲಿ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಜಗಳ ಆಯಿತು. ಪತ್ರಿಕೆಯಲ್ಲಿ ಓದಿದೆ. ನನಗೆ ಎರಡೂ ಕಡೆಯವರ ಮಾತು ಸರಿ ಅನ್ನಿಸಿತು, ಎರಡೂ ಬೇಡ ಅಂತಲೂ ಅನ್ನಿಸಿತು. ಪರೀಕ್ಷೆ ಇಟ್ಟು ಫೇಲ್ ಮಾಡಿದರೆ ನಮ್ಮ ಹುಡುಗಿಯರಿಗೆ ಅಲ್ಲಿಗೇ ಮದುವೆ. ಪರೀಕ್ಷೆಯೇ ಇಲ್ಲದೆ ‘ಎ’ ಬರೆದು ದಾಟಿಸಿದರೆ ಮೋಸ. ನಾನು ಕೇಳುವುದು ಫೇಲ್ ಮಾಡಿ ಅಂತ ಅಲ್ಲ. ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹೇಳಿ. ‘ಸರಾಗವಾಗಿ ಓದುತ್ತಾಳೆ. ಕೂಡುವುದು, ಕಳೆಯುವುದು ಬರುತ್ತದೆ. ಭಾಗಾಕಾರ ಬರುವುದಿಲ್ಲ, ಮುಂದಿನ ಎರಡು ತಿಂಗಳು ಇದನ್ನು ಕಲಿಸುತ್ತೇವೆ.’ ಇಷ್ಟಿದ್ದರೆ ನಾನು ಸಂತೋಷದಿಂದ ಸಹಿ ಹಾಕುತ್ತೇನೆ. ಓದು ಬಾರದ ತಾಯಿಗೂ ಓದಿ ಹೇಳಿದರೆ ಅರ್ಥವಾಗುತ್ತದೆ. ‘ಎ’ ಅಂದರೆ ಅವಳಿಗೆ ಏನು ಅರ್ಥ?

ಹಾಗೆ ನಿಜ ಬರೆದ ಶಾಲೆಗೆ ನೋಟಿಸು ಕಳಿಸುವುದಿಲ್ಲ ಅಂತ ನಿಮ್ಮ ಕಚೇರಿಯಿಂದ ಒಂದು ಸುತ್ತೋಲೆ ಹೊರಡಿಸಿ. ದಿನಕ್ಕೆ ಎಷ್ಟೋ ಸುತ್ತೋಲೆ ಹೊರಡುತ್ತವೆ, ಇದೂ ಒಂದು ಇರಲಿ. ನನ್ನ ಮೊದಲ ಬೇಡಿಕೆ ಇದೇ. ಇದಕ್ಕೆ ಬೆಂಗಳೂರಿನ ಅನುಮತಿ ಬೇಕಾಗಲಿಕ್ಕಿಲ್ಲ, ದುಡ್ಡಂತೂ ಬೇಕಿಲ್ಲ.

ಇನ್ನೊಂದು ಬೇಡಿಕೆ, ಗಣಿತದ ಮಾಸ್ತರರ ನಿಯೋಜನೆ ರದ್ದು ಮಾಡಿ ವಾಪಸ್ ಕಳಿಸಿ. ಆಗುವುದೇ ಇಲ್ಲ ಅನ್ನುವುದಾದರೆ ದಾಖಲೆಯಲ್ಲಿ ಹುದ್ದೆ ಖಾಲಿ ಅಂತ ತೋರಿಸಿ, ಅತಿಥಿ ಶಿಕ್ಷಕರನ್ನಾದರೂ ಕೊಡಿ. ಕೊಟ್ಟರೆ ಶಾಲೆ ಶುರುವಾದ ವಾರವೇ ಕೊಡಿ, ಆಗಸ್ಟಿನಲ್ಲಿ ಅಲ್ಲ.

ಆಮೇಲೆ, ದಿನಕ್ಕೆ ಒಂದು ಗಂಟೆ ಆರು, ಏಳು, ಎಂಟರ ಮಕ್ಕಳನ್ನು ತರಗತಿ ನೋಡದೆ, ಬರುವುದೆಷ್ಟು ಅನ್ನುವುದನ್ನು ನೋಡಿ ಕೂಡಿಸಿ ಕಲಿಸಲು ಅವಕಾಶ ಕೊಡಿ. ಇದು ಹೊಸದೇನಲ್ಲ. ನಲಿಕಲಿಯಲ್ಲಿ ಆಗುವುದು ಇದೇ ಅಲ್ವಾ? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರೇ ಶುರು ಮಾಡಿದ ಪದ್ಧತಿ ಅದು. ಮಗು ತನ್ನ ಏಣಿಯ ಮೆಟ್ಟಿಲನ್ನು ತಾನೇ ಹತ್ತುತ್ತದೆ, ಒಂದು ಮೆಟ್ಟಿಲು ಬಂದ ಮೇಲೆಯೇ ಮುಂದಿನದು. ನಾಲ್ಕನೇ ತರಗತಿಗೆ ಬಂದ ಕೂಡಲೇ ಆ ಏಣಿ ಕಿತ್ತುಕೊಂಡು ಎಲ್ಲರನ್ನೂ ಒಂದೇ ಪಾಠಕ್ಕೆ ಕೂಡಿಸುತ್ತಾರೆ. ಹಿಂದೆ ಬಿದ್ದವರು ಅಲ್ಲಿಂದ ಮುಂದೆ ಬರೀ ಬೋರ್ಡ್ ನೋಡಿ ಬರೆಯುತ್ತಾರೆ. ದೊಡ್ಡ ಮಕ್ಕಳಿಗೆ ನಾಚಿಕೆ ಆಗದಂತೆ ನೋಡಿಕೊಳ್ಳಬೇಕು, ಅದೊಂದು ಎಚ್ಚರ ಬೇಕು. ನಮ್ಮ ಪಡಸಾಲೆಯಲ್ಲಿ ನಾನು ಎಂಟನೇ ತರಗತಿಯ ಹುಡುಗನಿಗೆ ‘ಸಣ್ಣವರಿಗೆ ಓದಿ ಹೇಳಬೇಕು, ಅದಕ್ಕೆ ನೀ ಮೊದಲು ಓದಿಕೋ’ ಅಂತ ಎರಡನೇ ತರಗತಿಯ ಪುಸ್ತಕ ಕೊಟ್ಟಿದ್ದೇನೆ. ಹಾಗೆ ಕೊಟ್ಟರೆ ಯಾರೂ ನಗುವುದಿಲ್ಲ.

ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದಲು ಆರು ತಿಂಗಳ ವಸತಿ ವ್ಯವಸ್ಥೆ ಆಗಬೇಕು. ಅದು ನಿಮ್ಮೊಬ್ಬರ ಕೈಯಲ್ಲಿಲ್ಲ ಅಂತ ಗೊತ್ತು. ಮೇಲಕ್ಕೆ ಬರೆಯುವುದು ನಿಮ್ಮ ಕೈಯಲ್ಲಿದೆ. ಎಷ್ಟು ಮಕ್ಕಳು ಅಂತ ಪಟ್ಟಿ ಬೇಕಾದರೆ ನಾವು ನಾಲ್ಕು ಜನ ತಾಯಂದಿರು ಮನೆ ಮನೆ ತಿರುಗಿ ಮಾಡಿಕೊಡುತ್ತೇವೆ. ಶಿಕ್ಷಕರನ್ನು ಅದಕ್ಕೂ ಕಳಿಸಬೇಡಿ!

ಫೆಬ್ರುವರಿ ಮೊದಲ ಶನಿವಾರ ಎಸ್‌ಡಿಎಂಸಿ ಸಭೆ ಇದೆ. ಅಷ್ಟರೊಳಗೆ ಉತ್ತರ ಬಂದರೆ ಸಭೆಯಲ್ಲಿ ಓದಿ ನಡಾವಳಿ ಪುಸ್ತಕದಲ್ಲಿ ಬರೆಸುತ್ತೇನೆ. ಬರದಿದ್ದರೆ, ಬರಲಿಲ್ಲ ಅಂತ ಬರೆಸುತ್ತೇನೆ. ನೀವೇ ಬರುವುದಾದರೆ ಇನ್ನೂ ಒಳ್ಳೆಯದು. ಹೇಳದೆ ಬನ್ನಿ. ತೋರಣ, ಶಾಲು ಇರುವುದಿಲ್ಲ. ಯಾರಾದರೂ ಮೂರು ಮಕ್ಕಳನ್ನು ಕರೆದು, ಅವರ ಪಕ್ಕದಲ್ಲಿ ಕೂತು, ಒಂದು ಪುಟ ಓದಿಸಿ. ಅರ್ಧ ಗಂಟೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಏಳನೇ ತರಗತಿ ವಿದ್ಯಾರ್ಥಿನಿಯ ತಾಯಿ ಹಾಗೂ ಎಸ್‌ಡಿಎಂಸಿ ಸದಸ್ಯೆ
ಜನವರಿ 2026

ವಿ.ಸೂ.: ಬರುವಾಗ ಎರಡನೇ ತರಗತಿಯ ಕನ್ನಡ ಪುಸ್ತಕ ಎರಡು ಪ್ರತಿ ತನ್ನಿ. ಪಡಸಾಲೆಗೆ ಈಗ ಹದಿನಾಲ್ಕು ಮಕ್ಕಳು ಬರುತ್ತಿದ್ದಾರೆ. ನಮ್ಮ ಹತ್ತಿರ ಇರುವುದು ಒಂದೇ ಪುಸ್ತಕ, ಅದರ ರಟ್ಟು ಕಿತ್ತುಹೋಗಿ ನಾನೇ ಹೊಲಿದಿದ್ದೇನೆ.